ಹಳೆಯ ಜರ್ಮನ್ ಕ್ರೈಂ, ಕಾಮಿಡಿ ಸಿನಿಮಾಗಳಲ್ಲಿ ಯಾವುದರಿಂದ ಶುರು ಮಾಡಲಿ? ಕಥೆ ಏನು?

ಎರಡೂ ಬಗೆ ಬೇಕು ಅಂದಿದ್ದೀರಿ. ಹಾಗಾದರೆ 1931ರ ಎರಡು ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಿ. ಎರಡರಲ್ಲೂ ಅಪರಾಧಿಯ ಬೆನ್ನು ಹತ್ತುವುದು ಬೀದಿಯ ಜನ. ಪೊಲೀಸರ ಕೈಗೆ ಅವನು ಸಿಗುವುದು ಆಮೇಲೆ.

ಮೊದಲನೆಯದು ಫ್ರಿಟ್ಜ್ ಲಾಂಗ್ ಅವರ ‘ಎಮ್’. ಊರಲ್ಲಿ ಒಬ್ಬ ಮಕ್ಕಳನ್ನು ಕೊಲ್ಲುತ್ತಿದ್ದಾನೆ. ಎಲ್ಸಿ ಎಂಬ ಹುಡುಗಿಯ ತಾಯಿ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಾಳೆ. ಗಡಿಯಾರ ನೋಡುತ್ತಾಳೆ, ಮೆಟ್ಟಿಲ ಬಳಿ ನಿಂತು ಮಗಳ ಹೆಸರು ಕೂಗುತ್ತಾಳೆ. ನಮಗೆ ಕಾಣುವುದು ಖಾಲಿ ತಟ್ಟೆ, ಹುಲ್ಲಿನ ಮೇಲೆ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು, ಅಷ್ಟೇ. ಕೊಲೆಯನ್ನು ತೋರಿಸುವುದೇ ಇಲ್ಲ. ಆದರೂ ಎದೆ ಝಲ್ ಅನ್ನುತ್ತೆ.

ಪೊಲೀಸರು ದಿನಾ ರೇಡ್ ಮಾಡಿ ಕಳ್ಳರ ದಂಧೆಯೇ ನಿಂತುಹೋಗುತ್ತದೆ. ಕೊನೆಗೆ ಕಳ್ಳರೇ ಸಭೆ ಸೇರಿ, ಭಿಕ್ಷುಕರನ್ನು ಬೀದಿಬೀದಿಗೆ ಕಾವಲು ಹಾಕುತ್ತಾರೆ. ಕೊಲೆಗಾರ ಹಾಕುವ ಶಿಳ್ಳೆಯನ್ನು ಗುರುತು ಹಿಡಿಯುವುದು ಬಲೂನು ಮಾರುವ ಕುರುಡ. ಆಗ ಒಬ್ಬ ಹುಡುಗ ಅಂಗೈ ಮೇಲೆ ಸೀಮೆಸುಣ್ಣದಲ್ಲಿ ‘ಎಮ್’ (ಜರ್ಮನ್‌ನಲ್ಲಿ ‘ಕೊಲೆಗಾರ’ ಪದದ ಮೊದಲ ಅಕ್ಷರ) ಬರೆದುಕೊಂಡು, ಕೊಲೆಗಾರನ ಭುಜಕ್ಕೆ ಹೊಡೆದು ಅಚ್ಚು ಮೂಡಿಸುತ್ತಾನೆ. ಕಳ್ಳರೇ ನಡೆಸುವ ನ್ಯಾಯಾಲಯದಲ್ಲಿ ಕೊಲೆಗಾರನ ಪಾತ್ರ ಮಾಡಿದ ಪೀಟರ್ ಲೋರೆ ಆಡುವ ಮಾತುಗಳನ್ನು ನೀವೇ ಕೇಳಬೇಕು, ಅದನ್ನು ನಾನು ಹೇಳಲ್ಲ.

ಚಿತ್ರಕಥೆಯಲ್ಲಿ ಲಾಂಗ್ ಜೊತೆ ಅವರ ಹೆಂಡತಿ ಥಿಯಾ ಫಾನ್ ಹಾರ್ಬೂ ಕೂಡ ಇದ್ದರು. ಮುಂದೆ ಲಾಂಗ್ ಅವರಿಂದ ಬೇರೆಯಾಗಿ ಥಿಯಾ ಮದುವೆಯಾಗಿದ್ದು ನಮ್ಮ ಬೆಳಗಾವಿ ಕಡೆಯ ಪತ್ರಕರ್ತ ಆಯಿ ತೇಂಡುಲ್ಕರ್ ಅವರನ್ನು!

ಎರಡನೆಯದು ‘ಎಮಿಲ್ ಉಂಡ್ ಡೀ ಡಿಟೆಕ್ಟೀವೆ’. ಎರಿಕ್ ಕೆಸ್ಟ್‌ನರ್ ಅವರ ಮಕ್ಕಳ ಕಾದಂಬರಿಗೆ ಚಿತ್ರಕಥೆ ಬರೆದವರು ಮುಂದೆ ಹಾಲಿವುಡ್ ನಿರ್ದೇಶಕರಾದ, ಆಗಿನ್ನೂ ಹುಡುಗನಂತಿದ್ದ ಬಿಲ್ಲಿ ವೈಲ್ಡರ್. ಎಮಿಲ್ ಅಜ್ಜಿಯ ಊರು ಬರ್ಲಿನ್‌ಗೆ ಒಬ್ಬನೇ ರೈಲಿನಲ್ಲಿ ಹೊರಡುತ್ತಾನೆ. ಅಮ್ಮ ಕೊಟ್ಟ ದುಡ್ಡನ್ನು ಕೋಟಿನ ಒಳಗೆ ಪಿನ್ನು ಚುಚ್ಚಿ ಇಟ್ಟುಕೊಂಡಿರುತ್ತಾನೆ. ಟೋಪಿ ಹಾಕಿದ ಸಹಪ್ರಯಾಣಿಕನೊಬ್ಬ ಮಿಠಾಯಿ ಕೊಟ್ಟು ಮಲಗಿಸಿ ಅದನ್ನು ಕದಿಯುತ್ತಾನೆ. ಊರಲ್ಲಿ ಮಾಡಿದ ಒಂದು ತುಂಟತನದ ಹೆದರಿಕೆಗೆ ಎಮಿಲ್ ಪೊಲೀಸರ ಹತ್ತಿರ ಹೋಗಲ್ಲ. ಬರ್ಲಿನ್ ಹುಡುಗರೇ ಗುಂಪು ಕಟ್ಟುತ್ತಾರೆ. ಮರುದಿನ ಕಳ್ಳ ಎಲ್ಲಿ ಹೋದರೂ ಹಿಂದೆ ಮಕ್ಕಳ ಜಾತ್ರೆ! ಬ್ಯಾಂಕಿನಲ್ಲಿ ನೋಟು ಯಾರದು ಅಂತ ಸಾಬೀತು ಮಾಡುವುದು ಅದೇ ಪಿನ್ನಿನ ತೂತು. ಎಷ್ಟು ಚಂದದ ಸಾಕ್ಷಿ ಅಲ್ವಾ?

ಇವೆರಡೂ ಹಿಡಿಸಿದರೆ 1937ರ ‘ಡೆರ್ ಮನ್, ಡೆರ್ ಷೆರ್ಲಾಕ್ ಹೋಮ್ಸ್ ವಾರ್’ ನೋಡಿ. ಕೆಲಸವಿಲ್ಲದ ಇಬ್ಬರು ಪತ್ತೇದಾರರು ಹೋಮ್ಸ್, ವಾಟ್ಸನ್ ಥರ ವೇಷ ಹಾಕುತ್ತಾರೆ. ತಾವೇ ಅವರು ಅಂತ ಬಾಯಿಬಿಟ್ಟು ಹೇಳೋದೇ ಇಲ್ಲ, ಜನರೇ ನಂಬಿಬಿಡುತ್ತಾರೆ. ಅವರನ್ನು ಕಂಡು ಒಬ್ಬ ಹೊಟ್ಟೆ ಹಿಡಿದು ನಗುತ್ತಾನೆ. ಯಾಕೆ ಅಂತ ಕೊನೆಗೆ ತಿಳಿಯುತ್ತದೆ. ಹಾನ್ಸ್ ಆಲ್ಬರ್ಸ್, ಹೈಂಜ್ ರೂಮನ್ ಜೋಡಿ ತುಂಬಾ ಚೆನ್ನಾಗಿದೆ.

ಇಂಗ್ಲಿಷ್ ಲೇಖಕ ಎಡ್ಗರ್ ವಾಲೇಸ್ ಅವರ ಪತ್ತೇದಾರಿ ಕಥೆಗಳ ಜರ್ಮನ್ ಸಿನಿಮಾ ಸರಣಿಯೂ ಇದೆ, 1959ರಿಂದ ಬಂದದ್ದು. ಲಂಡನ್ ಮಂಜು, ಮುಖವಾಡದ ಕೊಲೆಗಾರ, ಮಧ್ಯೆ ನಗಿಸಲು ನಟ ಎಡ್ಡಿ ಆರೆಂಟ್. ಕಥೆ ಒಂದರಂತೆ ಇನ್ನೊಂದು. ಒಂದೇ ನೋಡುವುದಾದರೆ 1961ರ ‘ಡೀ ಟೋಟೆನ್ ಔಗೆನ್ ಫಾನ್ ಲಂಡನ್’ ಸಾಕು.