ಕೋಳಿಗೂಡಿನ ಸುತ್ತ ಇಲಿ ಕಾಟ: ಪಾಷಾಣ ಇಟ್ಟರೆ ಮುಗಿಯುತ್ತಾ?

ಹಿತ್ತಲಲ್ಲಿ ಒಂದಷ್ಟು ಕೋಳಿ ಸಾಕಿದ್ದೀರಿ, ಕತ್ತಲಾದರೆ ಗೂಡಿನ ಸುತ್ತ ಇಲಿಗಳ ಓಡಾಟ. ಪಾಷಾಣ ಇಡಲಾ, ಬೆಕ್ಕು ತರಲಾ ಅಂತ ಕೇಳಿದ್ದೀರಿ. ನಾನೂ ಕೋಳಿ ಸಾಕುವವನೇ. ಪಾಷಾಣ ಬೇಡ. ಮೊದಲು ಇಲಿಗಳ ರಾತ್ರಿ ಊಟ ನಿಲ್ಲಿಸಿ.

ಇಲಿ ಮುಖ್ಯವಾಗಿ ಬರುವುದು ಕಾಳಿಗೆ. ಕೋಳಿಗಳು ಕತ್ತಲಾದ ಮೇಲೆ ತಿನ್ನುವುದಿಲ್ಲ, ಅವಕ್ಕೆ ಆಗ ಸರಿಯಾಗಿ ಕಣ್ಣೂ ಕಾಣಿಸುವುದಿಲ್ಲ. ಹಾಗಿದ್ದ ಮೇಲೆ ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟ ಫೀಡ್ ಯಾರಿಗೆ? ಸಂಜೆ ಕೋಳಿ ಗೂಡು ಸೇರುತ್ತಿದ್ದ ಹಾಗೇ ತಟ್ಟೆ ಎತ್ತಿಡಿ. ಫೀಡನ್ನು ಚೀಲದಲ್ಲಿ ಅಥವಾ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟರೆ ಕೊರೆದು ಒಳಗೆ ಹೋಗುತ್ತವೆ. ಬಿಗಿ ಮುಚ್ಚಳದ ತಗಡಿನ ಡಬ್ಬವೇ ಬೇಕು. ನೀರನ್ನೂ ಎತ್ತಿಡಿ, ದೊಡ್ಡ ಇಲಿಗೆ ದಿನಾ ನೀರು ಬೇಕು. ಚಿಟ್ಟಿಲಿ ಮಾತ್ರ ತಿಂದದ್ದರಲ್ಲಿರುವ ತೇವದಲ್ಲೇ ಕಾಲ ತಳ್ಳುತ್ತದೆ.

ತಟ್ಟೆ ಎತ್ತಿಟ್ಟರೂ ನೆಲದಲ್ಲಿ ಬಿದ್ದದ್ದು ಇದೆಯಲ್ಲ, ಅದನ್ನು ಜಾಸ್ತಿ ಜನ ಮರೆಯುತ್ತಾರೆ. ಕೋಳಿ ತಿನ್ನುವುದನ್ನು ಸ್ವಲ್ಪ ಹೊತ್ತು ಕೂತು ನೋಡಿ. ಕೊಕ್ಕಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಿಮ್ಮಿ, ಬೇಕಾದ ಕಾಳು ಆರಿಸಿಕೊಂಡು ಉಳಿದದ್ದನ್ನು ಆಚೆ ಎಸೆಯುತ್ತದೆ. ತಟ್ಟೆಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವ ಹಾಗೆ ತೂಗುಹಾಕಿದರೆ ಈ ಚೆಲ್ಲಾಟ ತುಂಬಾ ಕಡಿಮೆಯಾಗುತ್ತದೆ. ಸಂಜೆಯೊಳಗೆ ಖಾಲಿಯಾಗುವಷ್ಟೇ ಹಾಕಿ. ಕೋಳಿ ಮುಂದಿನ ಹಲಗೆಯ ಮೇಲೆ ನಿಂತರೆ ಮಾತ್ರ ಮುಚ್ಚಳ ತೆರೆಯುವ ಫೀಡರುಗಳೂ ಸಿಗುತ್ತವೆ. ಆದರೆ ದೊಡ್ಡ ಇಲಿಗಳು ಗುಂಪಾಗಿ ಹತ್ತಿದರೆ ಹಗುರ ಹಲಗೆ ಅವಕ್ಕೂ ಬಗ್ಗುತ್ತದೆ, ನೋಡಿಕೊಂಡು ತಗೊಳ್ಳಿ.

ಇನ್ನು ಗೂಡು. ಸಾಮಾನ್ಯ ಕೋಳಿ ಜಾಲರಿ ಇದೆಯಲ್ಲ, ಆರು ಮೂಲೆಯ ತೂತಿನದ್ದು, ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಇಲಿಯನ್ನು ಹೊರಗಿಡುವುದಿಲ್ಲ. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿ.ಮೀ. ಸಂದು ಸಾಕು. ದೊಡ್ಡ ಇಲಿಗೆ 12 ಮಿ.ಮೀ. ಹಾಗಾಗಿ 6 ಮಿ.ಮೀ.ಗಿಂತ ಚಿಕ್ಕ ಕಿಂಡಿಯ, ಗಟ್ಟಿ ಕಂಬಿಯ ವೆಲ್ಡ್ ಮೆಶ್ ಹಾಕಿಸಿ. ಗೂಡಿನ ಬುಡದಲ್ಲಿ ಅದನ್ನು ಹೊರಗಡೆಗೆ ಒಂದು ಅಡಿ ಮಡಚಿ ಮಣ್ಣಿನಡಿ ಹೂತುಬಿಡಿ. ಇಲಿ ಗೋಡೆ ಬುಡದಲ್ಲೇ ಕೊರೆಯಲು ಶುರುಮಾಡುತ್ತದೆ, ಮೆಶ್ ತಗುಲಿದರೆ ಮುಂದೆ ಕೊರೆಯುವುದು ಕಷ್ಟ. ಗೂಡನ್ನು ಕಾಲುಗಳ ಮೇಲೆ ಒಂದಡಿಗಿಂತ ಎತ್ತರಕ್ಕೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು, ಅಡಿಯಲ್ಲಿ ಅಡಗಲು ಜಾಗವೇ ಇರುವುದಿಲ್ಲ. ಸುತ್ತ ಬಿದ್ದಿರುವ ಹಲಗೆ, ಸೌದೆ, ಹಳೇ ಸಾಮಾನು ಎಲ್ಲ ತೆಗೆಯಿರಿ. ಇಲಿಗೆ ಬಯಲು ಅಂದರೆ ಭಯ.

ಇಷ್ಟಾದ ಮೇಲೆ ಬೋನು. ಹಸಿವಾಗಿರುವ ಇಲಿ ಬೋನಿಗೆ ಬೇಗ ಬೀಳುತ್ತದೆ, ಹೊಟ್ಟೆ ತುಂಬಿದ್ದು ಮೂಸಿಯೂ ನೋಡುವುದಿಲ್ಲ. ಅದಕ್ಕೇ ಫೀಡ್ ಬಂದ್ ಮಾಡುವುದು ಮೊದಲು ಅಂದೆ. ಎರಡು ಜಾತಿಯ ಸ್ವಭಾವ ಬೇರೆ. ಚಿಟ್ಟಿಲಿಗೆ ಕುತೂಹಲ ಜಾಸ್ತಿ, ಹೊಸದು ಕಂಡರೆ ತಾನೇ ಬರುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೆ ಸ್ಪ್ರಿಂಗ್ ಬೋನನ್ನು ಕೆಲವು ದಿನ ಹೂಡದೆ, ತಿಂಡಿ ಮಾತ್ರ ಇಟ್ಟು ಬಿಡಿ. ಅಭ್ಯಾಸವಾದ ಮೇಲೆ ಹೂಡಿ. ತಿಂಡಿ ಏನೂ ವಿಶೇಷ ಬೇಡ, ಅವು ಕದ್ದು ತಿನ್ನುತ್ತಿದ್ದ ಫೀಡನ್ನೇ ಸ್ವಲ್ಪ ಎಣ್ಣೆಯಲ್ಲಿ ಕಲಸಿ ಅಂಟಿಸಿ. ತಿಂಡಿ ಇರುವ ತುದಿ ಗೋಡೆಗೆ ತಾಗಿರಲಿ, ಅವು ಗೋಡೆ ಬದಿಯಲ್ಲೇ ಓಡುವುದು. ಮೇಲೆ ಒಂದು ಪೆಟ್ಟಿಗೆ ಕವುಚಿ ಇಲಿಗಷ್ಟೇ ಬಾಗಿಲು ಬಿಡಿ. ಇಲ್ಲದಿದ್ದರೆ ಕೋಳಿಯ ಕಾಲೋ ಕೊಕ್ಕೋ ಸಿಕ್ಕಿಕೊಳ್ಳುತ್ತದೆ.

ಯಾವ ಬಿಲದಲ್ಲಿ ವಾಸ ಇದೆ ಅಂತ ತಿಳಿಯಬೇಕಾ? ಸಂಜೆ ಬಿಲದ ಬಾಯಿಗೆ ಕಾಗದ ಉಂಡೆ ಮಾಡಿ ತುರುಕಿ. ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಅಲ್ಲೇ ಇದೆ.

ಪಾಷಾಣ ಯಾಕೆ ಬೇಡ ಅಂದರೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ತೂರಾಡುತ್ತಾ ಓಡಾಡುತ್ತದೆ. ಕೋಳಿಗಳು ಇಲಿಮರಿ, ಚಿಟ್ಟಿಲಿ ಸಿಕ್ಕರೆ ಕುಕ್ಕಿ ನುಂಗಿಬಿಡುತ್ತವೆ ಅನ್ನೋದು ಗೊತ್ತಲ್ವಾ? ವಿಷದ ಅಂಶ ಕೋಳಿಗೆ, ಅಲ್ಲಿಂದ ಮೊಟ್ಟೆಗೂ ಹೋಗಬಹುದು. ಗೂಬೆ, ಬೆಕ್ಕು, ನಾಯಿಗೂ ಅದೇ ಗತಿ. ಇಲಿ ಹಿಡಿಯಲು ಮನೆಗೇ ಬೆಂಕಿ ಹಚ್ಚಿದ ಹಾಗೆ. ಅಂಟು ಹಲಗೆಯೂ ಬೇಡ, ಕ್ರೂರ, ಮೇಲೆ ಕೋಳಿಯೇ ಅಂಟಿಕೊಳ್ಳುತ್ತದೆ.

ಬೆಕ್ಕು? ಇದ್ದರೆ ಒಳ್ಳೆಯದೇ, ಚಿಟ್ಟಿಲಿ ಹಿಡಿಯುತ್ತದೆ. ದೊಡ್ಡ ಇಲಿಯ ತಂಟೆಗೆ ಹೋಗುವ ಬೆಕ್ಕು ಕಡಿಮೆ. ಕೋಳಿಮರಿಗಳಿದ್ದರೆ ಬೆಕ್ಕಿನ ಮೇಲೂ ಒಂದು ಕಣ್ಣಿರಲಿ. ಇಲಿ ಓಡಿಸುವ ಸದ್ದಿನ ಮಶೀನುಗಳಿಗೆ ಸುಮ್ನೆ ದುಡ್ಡು ಹಾಕಬೇಡಿ.

ಒಂದು ಮಾತು ಎಚ್ಚರಿಕೆಗೆ. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಒಣಗಿದ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ. ಸತ್ತ ಇಲಿಯನ್ನೂ ಬರಿಗೈಯಲ್ಲಿ ಮುಟ್ಟಬೇಡಿ.