‘ಏನೂ ಆಗಂಗಿಲ್ಲ’ ಎಂದರೆ ಅವರು ಏಕೆ ಸಿಡುಕುತ್ತಾರೆ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಭತ್ತದ ರೈತ, ವಯಸ್ಸು 47. ನನ್ನ ಹೆಂಡತಿಗೆ 41, ಮಗಳು ಪಿಯುಸಿ ಓದುತ್ತಿದ್ದಾಳೆ. ಹೆಂಡತಿಯ ಬಲ ಸ್ತನದಲ್ಲಿ ಕಂಡ ಗಂಟು ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ತಿಳಿದಿದ್ದು, ಇನ್ನು 12 ದಿನಕ್ಕೆ ಬೆಂಗಳೂರಿನಲ್ಲಿ ಇಡೀ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಾರೆ. ‘ಏನೂ ಆಗಂಗಿಲ್ಲ, ಅಂಜಬ್ಯಾಡ’ ಎಂದರೆ ಸಿಡುಕುತ್ತಾಳೆ. ಅತ್ತೆಗೂ ನೆಂಟರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ‘ಆಪರೇಷನ್ ಆದಮ್ಯಾಲೆ ನನ್ನ ಮೈ ನೋಡಬ್ಯಾಡ್ರಿ’ ಎಂದೂ ಹೇಳಿದ್ದಾಳೆ. ನಿಜ ಹೇಳಬೇಕೆಂದರೆ ನೋಡಲು ನನಗೂ ಭಯ. ಹೊಲದ ಮೋಟರ್ ಮನೆಯಲ್ಲಿ ಕುಳಿತು ಅತ್ತು ಬರುತ್ತೇನೆ. ಅವಳಿಗೆ ಹೇಗೆ ಧೈರ್ಯ ಹೇಳಲಿ?

ಉತ್ತರ: ಸಹೋದರರೇ, ಧೈರ್ಯ ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ. ನಿಮ್ಮ ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ದೇಹದ ಒಂದು ಭಾಗವನ್ನೇ ಕಳೆದುಕೊಳ್ಳಲಿರುವವರಿಗೆ ‘ಏನೂ ಆಗುವುದಿಲ್ಲ’ ಎಂದರೆ, ಅವರ ಭಯದ ಬಗ್ಗೆ ಇನ್ನು ಮಾತು ಬೇಡವೆಂದು ಬಾಗಿಲು ಹಾಕಿದಂತೆ ಕೇಳಿಸುತ್ತದೆ. ಆಗುವುದು ಆಗಿಯೇ ಆಗುತ್ತದೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದರ ಬದಲು ಇಂದು ರಾತ್ರಿ ‘ನಿನಗೆ ಯಾವುದರ ಅಂಜಿಕೆ ಹೆಚ್ಚು?’ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಅರಿವಳಿಕೆಯ ಭಯವೋ, ಖರ್ಚಿನ ಚಿಂತೆಯೋ, ಮಗಳ ಓದೋ, ನೀವು ಮುಖ ತಿರುಗಿಸುವಿರೆಂಬ ಶಂಕೆಯೋ, ಉತ್ತರ ಏನೇ ಬಂದರೂ ಅದನ್ನು ತಕ್ಷಣ ತಿದ್ದಲು ಹೋಗಬೇಡಿ.

ನಿಮ್ಮಿಂದ ಆಗಬೇಕಾದ ಕೆಲಸ ಬಹಳಷ್ಟಿದೆ, ಅದು ಹೆಚ್ಚಾಗಿ ಕೈಯ ಕೆಲಸ. ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ಯುವ ಮೊದಲು ದಾದಿಯರು ಬಳೆ, ತಾಳಿ, ಕಾಲುಂಗುರಗಳನ್ನು ತೆಗೆಸಿ ನಿಮ್ಮ ಕೈಗೆ ಕೊಡುತ್ತಾರೆ. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಆ ಗಳಿಗೆ ಎಷ್ಟು ಕಠಿಣವೆಂಬುದನ್ನು ಆಸ್ಪತ್ರೆಯವರು ಯೋಚಿಸುವುದು ಕಡಿಮೆ. ಹಿಂದಿನ ದಿನವೇ ಈ ವಿಷಯವನ್ನು ನಿಮ್ಮ ಪತ್ನಿಗೆ ತಿಳಿಸಿ, ಶುಭ್ರವಾದ ಕರವಸ್ತ್ರವೊಂದನ್ನು ಇಟ್ಟುಕೊಂಡು, ಅವರ ಕಣ್ಣೆದುರೇ ಗಂಟು ಕಟ್ಟಿ ನಿಮ್ಮ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಿ.

ವಾರ್ಡಿಗೆ ಬಂದ ಮೇಲೆ ಪಕ್ಕೆಯಿಂದ ಒಂದೋ ಎರಡೋ ತೆಳುವಾದ ನಳಿಕೆಗಳು ಹೊರಬಂದು, ಹಿಸುಕಿಟ್ಟ ಪ್ಲಾಸ್ಟಿಕ್ ಡಬ್ಬಿಗೆ ಸೇರಿರುವುದು ಕಾಣುತ್ತದೆ. ಇದಕ್ಕೆ ಡ್ರೈನ್ ಎನ್ನುತ್ತಾರೆ. ಗಾಯದೊಳಗೆ ಸೇರುವ ನೀರನ್ನು ಅದು ಹೊರಗೆಳೆಯುತ್ತದೆ. ಎಷ್ಟೋ ಮಂದಿ ಡ್ರೈನ್ ಸಮೇತವೇ ಮನೆಗೆ ಬರುತ್ತಾರೆ. ಡಬ್ಬಿಯನ್ನು ಖಾಲಿ ಮಾಡಿ, ಅಳತೆಯ ಕಪ್ಪಿಗೆ ಸುರಿದು, ಎಷ್ಟು ಮಿಲಿ ಬಂತೆಂದು ದಿನಾಂಕದ ಮುಂದೆ ಬರೆದಿಡುವುದನ್ನು ಆಸ್ಪತ್ರೆಯಲ್ಲಿರುವಾಗಲೇ ದಾದಿಯಿಂದ ಕಲಿತುಕೊಳ್ಳಿ. ಮೊದಮೊದಲು ಕೆಂಪಾಗಿರುವ ನೀರು ದಿನ ಕಳೆದಂತೆ ತಿಳಿಯಾಗಿ ಒಣಹುಲ್ಲಿನಂಥ ತಿಳಿಹಳದಿ ಬಣ್ಣಕ್ಕೆ ಬರುತ್ತದೆ. ದಿನಕ್ಕೆ ಸುಮಾರು 30 ಮಿಲಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ನಳಿಕೆಯನ್ನು ತೆಗೆಯುತ್ತಾರೆ. ಒಮ್ಮೆಲೇ ಗಾಢ ಕೆಂಪು ರಕ್ತ ತುಂಬತೊಡಗಿದರೆ, ಜ್ವರ, ಕೀವು ಅಥವಾ ದುರ್ವಾಸನೆ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತಿಳಿಸಿ. ಕಾಲುವೆಗೆ ಎಷ್ಟು ನೀರು ಬಂತೆಂದು ಲೆಕ್ಕವಿಡುವ ನಿಮಗೆ ಈ ಲೆಕ್ಕ ಕಷ್ಟವಾಗದು. ನೀವು ಹೇಳುವ ನೂರು ಸಮಾಧಾನಗಳಿಗಿಂತ ಆ ನೋಟ್‌ಬುಕ್ ಅವರಿಗೆ ಹೆಚ್ಚು ಧೈರ್ಯ ಕೊಡುತ್ತದೆ ಎಂಬುದು ನನ್ನ ಅನುಭವ.

ಬಲಗೈಯಿಂದ ರೊಟ್ಟಿ ಬಡಿಯುವುದು, ಕೊಡ ಎತ್ತುವುದು ಕೆಲವು ವಾರ ಸಾಧ್ಯವಿಲ್ಲ. ರೊಟ್ಟಿ ಈಗ ಊರೂರಿನ ರೊಟ್ಟಿ ಕೇಂದ್ರಗಳಲ್ಲಿ ಸಿಗುತ್ತದೆ, ತನ್ನಿ. ಹಾಗೆಂದು ಕೈಯನ್ನು ಅಲ್ಲಾಡಿಸದೆ ಇಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ವೈದ್ಯರು ಹೇಳಿದ ದಿನದಿಂದ ಗೋಡೆಯ ಮೇಲೆ ಬೆರಳುಗಳನ್ನು ನಿಧಾನವಾಗಿ ಮೇಲಕ್ಕೇರಿಸುವ ವ್ಯಾಯಾಮವನ್ನು ದಿನವೂ ಮಾಡಿಸಬೇಕು. ಕಂಕುಳಿನ ಗ್ರಂಥಿಗಳನ್ನು ತೆಗೆದ ಕೈ ಮುಂದೆ ಬಾವು ಬರುವ ಸಾಧ್ಯತೆ ಇರುವುದರಿಂದ ಆ ಕೈಗೆ ಇಂಜೆಕ್ಷನ್, ಬಿ.ಪಿ. ಪಟ್ಟಿ ಬೇಡವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಗಾಜಿನ ಬಳೆಯ ಗೀರೂ ಸೋಂಕಿಗೆ ದಾರಿಯಾಗಬಹುದು. ತೋಳೆತ್ತದೆ ತೊಡಬಹುದಾದ, ಮುಂದೆ ಗುಂಡಿಯಿರುವ ಸಡಿಲ ಉಡುಪು ಎರಡು ಹೊಲಿಸಿ. ನಿಮ್ಮ ಅವ್ವ ತೊಡುತ್ತಿರಬಹುದಾದ, ಮುಂದೆ ಗಂಟು ಹಾಕುವ ಕುಪ್ಪಸ ಈ ಹೊತ್ತಿಗೆ ಯಾವ ಪೇಟೆಯ ಬಟ್ಟೆಗಿಂತಲೂ ಮೇಲು. ಊರಿಗೆ ಮರಳುವಾಗ ಕಂಕುಳಡಿ ಇಡಲು ಸಣ್ಣ ದಿಂಬು ಇರಲಿ, ರಸ್ತೆಯ ಕುಲುಕಾಟವನ್ನು ಅದು ತಡೆಯುತ್ತದೆ.

ಇನ್ನು ನೋಡುವ ಮಾತು. ನಿಮ್ಮ ಪತ್ರದ ತಿರುಳು ಇದೇ ಎಂದು ನನಗೆ ಅನಿಸಿತು. ಎದೆಯ ನಡುವಿನಿಂದ ಕಂಕುಳಿನವರೆಗೆ ಒಂದು ಗೆರೆ, ಹೊಲಿಗೆಗಳು, ಸುತ್ತ ಕಂದಿದ ಚರ್ಮ, ಸಮತಟ್ಟಾದ ಜಾಗ. ನೀವು ನೋಡುವುದು ಇದನ್ನೇ. ತಿಂಗಳುಗಳು ಕಳೆದಂತೆ ಆ ಗೆರೆ ಮಾಸುತ್ತದೆ. ಆಪರೇಷನ್ನಿಗೆ ಮುನ್ನವೇ ವೈದ್ಯರನ್ನು ಕೇಳಿ ಇಂಥ ಗಾಯದ ಚಿತ್ರವನ್ನು ನೀವೊಬ್ಬರೇ ನೋಡಿಕೊಳ್ಳಿ. ಆಗ ಮೊದಲ ಡ್ರೆಸ್ಸಿಂಗ್ ದಿನ ನಿಮ್ಮ ಮುಖ ನಿಮ್ಮ ಹತೋಟಿಯಲ್ಲಿರುತ್ತದೆ. ‘ನೋಡಬ್ಯಾಡ್ರಿ’ ಎಂದವರನ್ನು ಒತ್ತಾಯಿಸಬೇಡಿ. ‘ನೀನು ಯಾವಾಗ ಅಂತೀಯೋ ಆವಾಗ’ ಎಂದಷ್ಟೇ ಹೇಳಿ. ‘ನನಗೆ ಅದೇನು ದೊಡ್ಡದಲ್ಲ’ ಎನ್ನಬೇಡಿ, ಏಕೆಂದರೆ ಅವರಿಗೆ ಅದು ದೊಡ್ಡದೇ.

ನನ್ನ ಅಕ್ಕನಿಗೆ ಇದೇ ಶಸ್ತ್ರಚಿಕಿತ್ಸೆ ಆದಾಗ ನಮ್ಮ ಭಾವ, ನಿದ್ರೆಯಲ್ಲಿ ಗಾಯಕ್ಕೆ ಕೈ ತಾಕೀತೆಂದು ತಮ್ಮ ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ಅವರ ಮನಸ್ಸಿನಲ್ಲಿದ್ದದ್ದು ಕಾಳಜಿಯೇ. ಅಕ್ಕ ಅದನ್ನು ಅಸಹ್ಯವೆಂದು ಓದಿಕೊಂಡಳು, ಮತ್ತು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಅಂಟುವ ರೋಗವಲ್ಲ. ನಡುವೆ ಒಂದು ದಿಂಬು ಇಟ್ಟುಕೊಂಡು ಅದೇ ಕೋಣೆಯಲ್ಲಿ ಮಲಗಿ.

ಸುದ್ದಿಯ ವಿಷಯದಲ್ಲಿ ನಾನು ನಿಮ್ಮ ಪತ್ನಿಯ ಪರ. ರೋಗ ಅವರದು, ಯಾರಿಗೆ ತಿಳಿಯಬೇಕೆಂಬ ತೀರ್ಮಾನವೂ ಅವರದೇ. ಮಾತಾಡಿಸಲು ಬಂದವರು ಬ್ರೆಡ್ಡು ಬಿಸ್ಕತ್ತು ಕೊಟ್ಟು, ಇದೇ ರೋಗದಿಂದ ತೀರಿಕೊಂಡವರ ಕಥೆ ಹೇಳಿ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ನೀವು ಬೆಂಗಳೂರಿನಲ್ಲಿರುವಾಗ ಮನೆ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಆ ಒಬ್ಬರು ಯಾರೆಂದು ಅವರೇ ಆರಿಸಲಿ. ಮಗಳಿಗೆ ಮಾತ್ರ ಇಬ್ಬರೂ ಕುಳಿತು ಹೇಳುವುದು ಒಳ್ಳೆಯದು. ಆ ವಯಸ್ಸಿನ ಹುಡುಗಿ ಅರ್ಧಂಬರ್ಧ ಕೇಳಿಸಿಕೊಂಡು ಇದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾಳೆ.

ಆಪರೇಷನ್ ಆದೊಡನೆ ‘ಮುಗೀತು’ ಎನ್ನಬೇಡಿ. ತೆಗೆದ ಭಾಗದ ವರದಿ ಬರಲು ಒಂದೆರಡು ವಾರ ಹಿಡಿಯಬಹುದು. ಕೀಮೋ, ನಮ್ಮ ಕಡೆ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್, ವರ್ಷಗಟ್ಟಲೆ ನುಂಗುವ ಹಾರ್ಮೋನ್ ಮಾತ್ರೆ, ಇವುಗಳಲ್ಲಿ ಯಾವುದು ಬೇಕೆಂಬುದು ಆಮೇಲೆ ಗಟ್ಟಿಯಾಗುತ್ತದೆ. ಬಂಗಾರ ಒತ್ತೆ ಇಡುವ ಮೊದಲು, ನಿಮ್ಮಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ ಎಂಬುದು ತಿಳಿದಿರಲಿ. ಶಿಫಾರಸು ಪತ್ರ ಬೇಕೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಈ ವಾರವೇ ಕೇಳಿ.

ಮೋಟರ್ ಮನೆಯಲ್ಲಿ ಅಳುವುದಕ್ಕೆ ನಾಚಿಕೆ ಪಡಬೇಡಿ. ಹೆಂಡತಿಯನ್ನು ಕೇಳಿಯೇ ನಂಬಿಕೆಯ ಒಬ್ಬ ಗೆಳೆಯನಿಗೆ ವಿಷಯ ತಿಳಿಸಿಟ್ಟುಕೊಳ್ಳಿ. ಎಂದಾದರೂ ಅವರ ಎದುರಿಗೇ ನಿಮ್ಮ ಕಣ್ಣು ತುಂಬಿ ಬಂದರೆ, ಕಸ ಬಿತ್ತು ಎಂದು ಹೇಳಬೇಡಿ.