ಬೀಗರ ಮನೆ, ಮನೆಯ ಬೀಗ

ನಾನು ರಾಯಚೂರಿನವನು ಅಂದ ಕೂಡಲೇ ಬೆಂಗಳೂರಲ್ಲಿ ಯಾರಾದರೂ ಇದೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ನಿಮ್ಮ ಕಡೆಗೆ ಕೋಟಿಗಟ್ಟಲೆ ದುಡ್ಡು ಹೋಗ್ತಿದೆಯಲ್ಲ, ಏನಾದ್ರೂ ಸುಧಾರಿಸಿತಾ?" ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಸ್ವಲ್ಪ ಬಿಡಿಸಿಯೇ ಹೇಳಬೇಕು.

ನಮ್ಮೂರು ದೇವದುರ್ಗದ ಕಡೆ. ಶಕ್ತಿನಗರ ದಾಟಿ ಕೃಷ್ಣಾ ಸೇತುವೆ ಮೇಲೆ ಹೋದರೆ ತೆಲಂಗಾಣ. ಆ ದಡದ ಕೃಷ್ಣಾ ಮಂಡಲದಲ್ಲೂ ಕನ್ನಡವೇ ಕೇಳಿಸುತ್ತದೆ, ಕನ್ನಡ ಶಾಲೆಗಳೂ ಇವೆ. ಕೊಟ್ಟು ತಂದ ಸಂಬಂಧ ಎರಡೂ ಕಡೆ ಇದೆ. ಹಾಗಾಗಿ ನಮ್ಮಲ್ಲಿ ಅಭಿವೃದ್ಧಿಯ ಮೊದಲ ಅಳತೆ ಬೀಗರ ಮನೆ. 2018ರಲ್ಲಿ ಆಚೆ ಕಡೆ ಬೇಸಾಯದ ಖರ್ಚಿಗೆ ಸರ್ಕಾರವೇ ರೈತರಿಗೆ ದುಡ್ಡು ಕೊಡುವ ರೈತಬಂಧು ಯೋಜನೆ ಶುರುವಾಗಿ ಎಕರೆಗೆ, ಒಂದೊಂದು ಹಂಗಾಮಿಗೆ 4,000 ರೂಪಾಯಿ ಬಂದಾಗ ಮದುವೆ ಊಟದ ಪಂಕ್ತಿಯಲ್ಲೇ ಲೆಕ್ಕ ಆಗಿಹೋಯಿತು. "ನಿಮಗೆಷ್ಟು ಬಂತು?" ಅಂತ ಬೀಗರು ಕೇಳಿದರೆ ನಾವು ಸಾರಿನ ಕಡೆ ನೋಡುತ್ತಿದ್ದೆವು. ನದಿ ಒಂದೇ, ಮಣ್ಣು ಒಂದೇ, ಸರ್ಕಾರ ಮಾತ್ರ ಬೇರೆ. ಗಡಿಯವರಿಗೆ ಹೋಲಿಕೆ ಪುಕ್ಕಟೆ ಸಿಗುತ್ತದೆ, ಅದಕ್ಕೆ ಸಿಟ್ಟೂ ಜಾಸ್ತಿ.

ಇನ್ನು ಕಾಗದದ ಅಳತೆ. ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಬ್ಯಾಂಕು, ಆಸ್ಪತ್ರೆ, ಶಾಲೆ ಅಂತ 35 ಸೂಚಕ ಇಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳನ್ನೂ ಅಳೆಯಿತು. ರಾಜ್ಯದ ಸರಾಸರಿ 1 ಅಂತ ಇಟ್ಟುಕೊಂಡರೆ ಅದಕ್ಕಿಂತ ಕೆಳಗೆ ಬಿದ್ದದ್ದು 114 ತಾಲ್ಲೂಕು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಎಲ್ಲಕ್ಕಿಂತ ಕೆಳಗೆ ನಮ್ಮ ದೇವದುರ್ಗ, 0.53. ಬೇರೆ ಊರಿನವರಿಗೆ ಮಾವು, ಮಲ್ಲಿಗೆ, ಜಾತ್ರೆಯ ಹೆಸರು ಇರುತ್ತದೆ. ನಮಗೆ ಸಿಕ್ಕಿದ ಹೆಸರು ಇದು!

ಆ ಪಟ್ಟಿಯಲ್ಲಿ ಸಂಡೂರೂ ಇದೆ. ಇಡೀ ದೇಶಕ್ಕೆ ಕಬ್ಬಿಣದ ಅದಿರು ಕೊಡುವ ಸಂಡೂರು. ಲಾರಿ ತುಂಬಿ ಹೊರಗೆ ಹೋಗುವುದೆಲ್ಲ ಊರಿನ ಗಳಿಕೆ ಅಲ್ಲ ಅನ್ನುವುದನ್ನು ಆ ವರದಿ ಅಷ್ಟಾದರೂ ತೋರಿಸಿತು. ನಮ್ಮ ಜಿಲ್ಲೆಯಲ್ಲೂ ಹಾಗೇ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ, ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತದೆ. ಜಿಲ್ಲೆಯ ವರಮಾನದ ಲೆಕ್ಕಕ್ಕೆ ಎರಡೂ ಸೇರುತ್ತವೆ. ಪಕ್ಕದ ಹಳ್ಳಿಯ ಅವ್ವನ ಸೆರಗಿನ ಗಂಟಿಗೆ ಎಷ್ಟು ಸೇರಿತು ಅನ್ನುವುದೇ ಪ್ರಶ್ನೆ.

ಸಿಂಧನೂರಿನ ಕಥೆ ಇನ್ನೂ ವಿಚಿತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ಆದರೂ 2002ರ ಪಟ್ಟಿಯಲ್ಲಿ ಅದೂ ಅತ್ಯಂತ ಹಿಂದುಳಿದದ್ದೇ. ಯಾಕೆ ಅಂದರೆ, ನೀರು ಬಂದಾಗ ಆಂಧ್ರದ ಕರಾವಳಿ ಕಡೆಯಿಂದ ಭತ್ತದ ಕಸುಬು ಗೊತ್ತಿದ್ದ ರೈತರು ಬಂದು ಜಮೀನು ಕೊಂಡರು. ಇವತ್ತಿಗೂ ಅವರ ಊರುಗಳಿಗೆ ಕ್ಯಾಂಪ್ ಅಂತಲೇ ಹೆಸರು. ಒಣ ಬೇಸಾಯದವರು ಎಷ್ಟೋ ಜನ ಸಿಕ್ಕ ರೇಟಿಗೆ ಮಾರಿ, ಅದೇ ಹೊಲಕ್ಕೆ ನಾಟಿ ಹಚ್ಚಲು ಕೂಲಿ ಹೋದರು. ಬಂದವರನ್ನು ಬೈಯಲು ಇದನ್ನು ಹೇಳುತ್ತಿಲ್ಲ, ಅವರು ಮೈಮುರಿದು ದುಡಿದವರು. ಎಕರೆಗೆ ಎಷ್ಟು ಚೀಲ ಅಂತ ಅಳೆದರೆ ಸಿಂಧನೂರು ಗೆದ್ದಿದೆ. ಆ ಚೀಲ ಯಾರ ಮನೆಗೆ ಹೋಯಿತು ಅಂತ ಕೇಳಿದರೆ ಉತ್ತರ ಬೇರೆ. ಕಾಲುವೆಯ ಕೊನೆ ಭಾಗದವರನ್ನಂತೂ ಕೇಳಲೇಬೇಡಿ, ಅವರು ಪ್ರತಿ ವರ್ಷ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ.

ಆಮೇಲೆ ದುಡ್ಡು ಬಂತು, ನಿಜ. ನಂಜುಂಡಪ್ಪ ವರದಿಯ ಮೇಲೆ ವಿಶೇಷ ಯೋಜನೆ ಆಯಿತು. ನಮ್ಮ ಭಾಗದವರಿಗೆ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರಿತು, 2013ರಿಂದ ನಮ್ಮ ಭಾಗಕ್ಕೇ ಅಂತ ಅಭಿವೃದ್ಧಿ ಮಂಡಳಿ ಬಂತು. 2023–24ರ ಬಜೆಟ್ಟಿನಲ್ಲಿ ಮಂಡಳಿಗೆ 5,000 ಕೋಟಿ ಅಂದರು. ಈಗ ಊರೂರಲ್ಲಿ ಸಿಸಿ ರೋಡು, ಸಮುದಾಯ ಭವನ, ಹೈಮಾಸ್ಟ್ ದೀಪ. ಇವನ್ನು ಎಣಿಸುವುದು ಸುಲಭ. ಫೋಟೋ ತೆಗೆದರೆ ಮುಗಿಯಿತು. ಮಾರ್ಚ್ ಬಂದರೆ ನಮ್ಮ ಕಡೆ ಜಲ್ಲಿ ಲಾರಿಗಳ ಓಟ ನೋಡಬೇಕು ನೀವು. ಖರ್ಚು ಎಷ್ಟಾಯಿತು ಅನ್ನುವುದೇ ಅಲ್ಲಿ ಸಾಧನೆ.

ಫಿಲ್ಟರ್ ನೀರಿನದ್ದೇ ತಗೊಳ್ಳಿ. ನಮ್ಮ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಇರುವ ಊರುಗಳಿವೆ, ಹಾಗಾಗಿ ಶುದ್ಧ ನೀರಿನ ಘಟಕ ಬೇಕೇ ಬೇಕಿತ್ತು. ನಾನು ಕಂಡ ಒಂದು ಘಟಕಕ್ಕೆ ಕಾಯಿನ್ ಹಾಕಿದರೆ ಕಾಯಿನ್ ಒಳಗೆ ಹೋಗುತ್ತದೆ, ನೀರು ಹೊರಗೆ ಬರುವುದಿಲ್ಲ. ಕಾಗದದಲ್ಲಿ ಅದು ಒಂದು ಘಟಕ. ಕೊಡ ಹಿಡಿದು ನಿಂತವಳಿಗೆ ಅದು ಒಂದು ಡಬ್ಬಿ, ಅಷ್ಟೇ.

ಉದ್ಯೋಗ ಖಾತ್ರಿಯ ಲೆಕ್ಕವೂ ಎಡವಟ್ಟೇ. ಮಾನವ ದಿನ, ಅಂದರೆ ಒಬ್ಬರ ಒಂದು ದಿನದ ಕೆಲಸದ ಲೆಕ್ಕ, ಜಾಸ್ತಿ ಆದರೆ ಜಿಲ್ಲೆಗೆ ಭೇಷ್ ಅನ್ನುತ್ತಿದ್ದರು. ಆದರೆ ಬಿಸಿಲಲ್ಲಿ ಹೂಳು ಎತ್ತಲು ಇಷ್ಟು ಜನ ಬರುತ್ತಾರೆ ಅಂದರೆ ಬೇರೆಲ್ಲೂ ಕೆಲಸ ಇಲ್ಲ ಅಂತಲೂ ಆಗುತ್ತದೆ, ಅಲ್ವಾ? ಒಂದೇ ಅಂಕಿ ಆ ಕಡೆ ತಿರುಗಿಸಿದರೆ ಸಾಧನೆ, ಈ ಕಡೆ ತಿರುಗಿಸಿದರೆ ಸಂಕಟ.

2018ರಲ್ಲಿ ನೀತಿ ಆಯೋಗ ದೇಶದ 112 ಹಿಂದುಳಿದ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ರಾಯಚೂರು, ಯಾದಗಿರಿ ಹೋದವು. ಅಲ್ಲಿ 49 ಸೂಚಕ, ಪ್ರತಿ ತಿಂಗಳು ಅಂಕ. ಎಲ್ಲಿದ್ದೀರಿ ಅನ್ನುವುದಕ್ಕಿಂತ ಎಷ್ಟು ಮೇಲೆ ಬಂದಿರಿ ಅನ್ನುವುದನ್ನು ಅಲ್ಲಿ ನೋಡುತ್ತಾರೆ. ಅದು ನನಗೆ ನ್ಯಾಯ ಅನಿಸುತ್ತದೆ. ರಾಜ್ಯದ ಸರಾಸರಿಗೆ ಹೋಲಿಸುತ್ತಾ ಕೂತರೆ ನಾವು ಎರಡು ಹೆಜ್ಜೆ ಇಡುವಷ್ಟರಲ್ಲಿ ಬೆಂಗಳೂರು ಆ ಸರಾಸರಿಯನ್ನೇ ಎತ್ತಿಕೊಂಡು ಓಡಿರುತ್ತದೆ. ಹಳೇ ತಾಲ್ಲೂಕಿಗೆ ಹೊಸ ತಾಲ್ಲೂಕು ಹೋಲಿಸೋಣ ಅಂದರೆ ಅದೂ ಕಷ್ಟ. ದೇವದುರ್ಗ ಒಡೆದು ಅರಕೇರಾ ಆಗಿದೆ. ಸಿರವಾರ, ಮಸ್ಕಿ ಆಗಿವೆ. ಸಾಕ್ಷರತೆ ಕೇಳಿದರೆ ಇವತ್ತಿಗೂ 2011ರದ್ದೇ ಹೇಳಬೇಕು: ರಾಯಚೂರು ಶೇ 59.56, ರಾಜ್ಯ ಶೇ 75.36. 2021ರ ಜನಗಣತಿ ಆಗಲೇ ಇಲ್ಲ.

ಹಾಗಾದರೆ ನಾವು ಹೇಗೆ ಅಳೆಯುತ್ತೇವೆ? ಬೀಗ ಎಣಿಸುತ್ತೇವೆ.

ಸಂಕ್ರಾಂತಿ ಮುಗಿದು ರಾಶಿ ಮನೆ ಸೇರಿದ ಮೇಲೆ ಜನ ಗುಳೆ ಹೊರಡುತ್ತಾರೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಗೊತ್ತಾಗುತ್ತದೆ. ಹಿಟ್ಟಿನ ಚೀಲ, ಕಟಿ ರೊಟ್ಟಿಯ ಗಂಟು, ಬಕೆಟ್ಟಿನೊಳಗೆ ಪಾತ್ರೆ, ಕಂಕುಳಲ್ಲಿ ಕೂಸು. ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಇಲ್ಲವೇ ಹೈದರಾಬಾದಿಗೆ. ಕೆಲವರು ಮೇಸ್ತ್ರಿಯ ಹತ್ತಿರ ಮುಂಗಡ ಹಿಡಿದವರು. ಕಾರಹುಣ್ಣಿಮೆ ಹೊತ್ತಿಗೆ ಬಿತ್ತನೆಗೆ ವಾಪಸ್. ಓಣಿಯಲ್ಲಿ ನಡೆದು ಬಂದರೆ ಎಷ್ಟು ಬಾಗಿಲಿಗೆ ಬೀಗ ಬಿದ್ದಿದೆ ಅಂತ ಕಾಣುತ್ತದೆ. ನಾರಾಯಣಪುರ ಬಲದಂಡೆಯ ನೀರು ಮುಟ್ಟಿದ ಊರಲ್ಲಿ ಬೀಗ ಕಮ್ಮಿ. ಮುಟ್ಟದ ಊರಲ್ಲಿ ಜಾಸ್ತಿ. ಇದಕ್ಕೆ ಸಮಿತಿ ಬೇಡ.

ಶಾಲೆಯ ಬಿಸಿಯೂಟದ ಅಕ್ಕಿ ಇನ್ನೊಂದು ಲೆಕ್ಕ. ಐದನೇ ಕ್ಲಾಸಿನವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ. ಅರವತ್ತು ಮಕ್ಕಳಿಗೆ ಆರು ಕೆಜಿ. ಒಂದು ವರ್ಷ ಫೆಬ್ರುವರಿಯಲ್ಲಿ ನಮ್ಮೂರ ಶಾಲೆಗೆ ಹೋದಾಗ ಅಡುಗೆಯಮ್ಮ ಮೂರೂವರೆ ಕೆಜಿ ಅಳೆಯುತ್ತಿದ್ದಳು. "ಯಾಕವ್ವಾ, ಇಷ್ಟೇ?" ಅಂದೆ. "ಉಳದ ಹುಡುಗ್ರು ಬೆಂಗಳೂರಾಗ ಉಣ್ಣಾಕತ್ತಾವ ನೋಡಪ್ಪ" ಅಂದಳು. ಹಾಜರಿ ಪುಸ್ತಕದಲ್ಲಿ ಹೆಸರು ಅರವತ್ತೂ ಇತ್ತು.

ಈಗ ಸ್ವಲ್ಪ ಬದಲಾಗಿದೆ, ಅದನ್ನೂ ಹೇಳಬೇಕು. ಮೊದಲು ಇಡೀ ಕುಟುಂಬ ಹೋಗುತ್ತಿತ್ತು. ಈಗ ಎಷ್ಟೋ ಮನೆಯಲ್ಲಿ ಗಂಡ ಹೆಂಡತಿ ಮಾತ್ರ ಹೋಗಿ ಮಕ್ಕಳನ್ನು ಅಜ್ಜಿ ಹತ್ತಿರ ಬಿಡುತ್ತಾರೆ. ಮನೆಗೆ ಬೀಗ ಬಿದ್ದಿಲ್ಲ, ಶಾಲೆಯಲ್ಲಿ ತಟ್ಟೆ ಕಮ್ಮಿಯಾಗಿಲ್ಲ, ಗುಳೆಯೂ ನಿಂತಿಲ್ಲ. ನಾನಂತೂ ಇದನ್ನು ಸುಧಾರಣೆ ಅಂತಲೇ ಬರೆದುಕೊಳ್ಳುತ್ತೇನೆ. 371ಜೆ ಸರ್ಟಿಫಿಕೇಟ್ ಹಿಡಿದು ಮೆಡಿಕಲ್ ಸೀಟು ತಗೊಂಡ ಕೂಲಿಕಾರರ ಮಕ್ಕಳೂ ನಮ್ಮ ಸುತ್ತಮುತ್ತ ಇದ್ದಾರೆ. ಅದನ್ನು ಯಾವ ಸಿಸಿ ರೋಡಿನ ಜೊತೆಗೂ ಕೂಡಿಸುವಂತಿಲ್ಲ.

ಆದರೆ ನಮ್ಮ ಬೀಗದ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತದೆ. ನಮ್ಮ ಓಣಿಯಲ್ಲಿ ಎಲ್ಲಕ್ಕಿಂತ ಚೆಂದದ ಮನೆ ಒಂದಿದೆ. ಆರ್‌ಸಿಸಿ, ಮುಂದೆ ಗ್ರಾನೈಟ್ ಕಟ್ಟೆ, ಮೇಲೆ ನೀರಿನ ಟ್ಯಾಂಕ್. ಕಟ್ಟಿದವನು ಬೆಂಗಳೂರಲ್ಲಿ ಹದಿನೈದು ವರ್ಷ ಗಾರೆ ಕೆಲಸ ಮಾಡಿ ಮೇಸ್ತ್ರಿ ಆದವನು. ಸರ್ವೆಗೆ ಬಂದ ಹುಡುಗಿ "ಪಕ್ಕಾ ಮನೆ" ಅಂತ ಟಿಕ್ ಹಾಕಿದಳು. ಆಮೇಲೆ ಬಾಗಿಲ ಕಡೆ ನೋಡಿ "ಇವರು ಯಾವಾಗ ಸಿಗ್ತಾರ್ರೀ?" ಅಂತ ನನ್ನನ್ನು ಕೇಳಿದಳು. ವರ್ಷಕ್ಕೆ ಎರಡು ಸಲ, ಜಾತ್ರೆಗೆ ಮತ್ತೆ ದೀಪಾವಳಿಗೆ ಅಂದೆ. ಅದನ್ನು ಎಲ್ಲಿ ಬರೆಯಬೇಕು ಅಂತ ಅವಳು ಫೋನಿನಲ್ಲಿ ಸುಮಾರು ಹೊತ್ತು ಹುಡುಕಿದಳು.